ಬರ್ತಾರೆ ಅಂದವನು

"ವ್ಯಾನಿನ ನಂಬರ್ ಯಾವಾಗ ನೋಡಿದ್ರಿ ಅಂತ ಹೇಳಿ, ಅಷ್ಟು ಸಾಕು."

ವಕೀಲೆಯ ದನಿಯಲ್ಲಿ ಸಿಡುಕಿರಲಿಲ್ಲ. ಆದರೂ ಅದೇ ಪ್ರಶ್ನೆ ಮತ್ತೆ ಬಂದಾಗ, ಎದುರು ಕೂತಿದ್ದ ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಕಿಟಕಿಯ ಹೊರಗೆ ನೋಡಿದಳು. ಹೊರಗೆ ಅವಳ ಗಂಡ ಊರುಗೋಲಿಗೆ ಒರಗಿ ನಿಂತು ಕಚೇರಿಯ ಬೋರ್ಡನ್ನು ದಿಟ್ಟಿಸುತ್ತಿದ್ದ. ಅವನು ಬೋರ್ಡು ಬರೆಯುವವನು. ಎಲ್ಲಿ ಹೋದರೂ ಬೇರೆಯವರ ಅಕ್ಷರಗಳಲ್ಲಿ ಹುಳುಕು ಹುಡುಕುವುದು ಅವನ ಚಟ. ಒಳಗೆ ಬರುವಾಗಲೇ, "ಮೇಡಂ, ನಿಮ್ಮ 'ವ'ಗೆ ಹೊಟ್ಟೆ ಬಂದಿದೆ, ಪಕ್ಕದ 'ಕೀ' ಊಟ ಕಾಣದೆ ಬಡಕಲಾಗಿದೆ. ಕಾಲು ಸರಿಹೋಗ್ಲಿ, ನಾನೇ ಬರ್ಕೊಡ್ತೀನಿ" ಅಂದಿದ್ದ. ಕಾಲು ಇನ್ನು ಸರಿಹೋಗುವುದಿಲ್ಲ ಎಂಬುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

ಹೋದ ವರ್ಷ ಮುಸ್ಸಂಜೆಯಲ್ಲಿ ಗಂಡಹೆಂಡತಿ ಬೈಕಿನಲ್ಲಿ ನಾದಿನಿಯ ಮನೆಯಿಂದ ಮರಳುತ್ತಿದ್ದಾಗ, ಅಡ್ಡರಸ್ತೆಯಿಂದ ನುಗ್ಗಿದ ಸರಕಿನ ವ್ಯಾನೊಂದು ಬಡಿದಿತ್ತು. ಅವಳು ಪೊದೆಯ ಮೇಲೆ ಎಗರಿ ಬಿದ್ದು ತರಚುಗಾಯದಲ್ಲಿ ಪಾರಾದಳು. ಅವನ ಬಲಗಾಲು ಬೈಕಿನಡಿ ಸಿಕ್ಕಿ ನುಜ್ಜಾಯಿತು. "ಏಣಿ ಹತ್ತಿ ಬದುಕಿದವನಿಗೆ ಈಗ ಹೊಸ್ತಿಲೇ ಬೆಟ್ಟ" ಎಂದು ಅವನು ನಗುತ್ತಿದ್ದ. ಪರಿಹಾರದ ಕೇಸು ಹಾಕಿಸಿದ್ದು ಈ ವಕೀಲೆ. ಅವರು ಇಂಥ ಬೈಕಿನವರ ಕೇಸುಗಳನ್ನೇ ಹೆಚ್ಚು ನೋಡುತ್ತಿದ್ದರು. ಅವರ ಕಚೇರಿಗೆ ಮೆಟ್ಟಿಲುಗಳಿರಲಿಲ್ಲ.

"ನೋಡಮ್ಮ," ವಕೀಲೆ ಕುರ್ಚಿ ಹತ್ತಿರ ಎಳೆದುಕೊಂಡರು. "ಆ ಡ್ರೈವರ್ ತಾನು ಆ ದಾರೀಲಿ ಬಂದೇ ಇಲ್ಲ ಅಂತಾನೆ. ವಿಮೆಯವರು ಹಿಡ್ಕೊಂಡಿರೋದೂ ಅದನ್ನೇ. ನಮ್ಮ ಕೈಲಿರೋದು ನೀವು ಪೊಲೀಸರಿಗೆ ಕೊಟ್ಟ ನಂಬರ್ ಒಂದೇ. ನಿಮ್ಮ ಯಜಮಾನ್ರ ಪ್ರಕಾರ, ಬಿದ್ದ ಗಳಿಗೆಯಿಂದ ಆಂಬುಲೆನ್ಸ್ ಬರೋವರೆಗೂ ನೀವು ಅವರ ಕೈ ಬಿಡಲೇ ಇಲ್ಲ. ವ್ಯಾನು ನಿಲ್ಲದೆ ಹೋಯ್ತು ಅಂದ್ರೆ, ಆ ಮಬ್ಬಲ್ಲಿ, ನೆಲದ ಮೇಲೆ ಕೂತವರು ನಂಬರ್ ಓದಿದ್ದು ಹೇಗೆ? ನನಗೇ ಈ ಪ್ರಶ್ನೆ ಬಂತು. ಅವರ ವಕೀಲರಿಗೆ ಬರಲ್ವ?"

"ಓದಿದೆ ಮೇಡಂ. ನಂಬರ್ ಸುಳ್ಳಲ್ಲ."

"ಸುಳ್ಳು ಅನ್ನಲಿಲ್ಲ ನಾನು. ಮಧ್ಯೆ ಏನೋ ಬಿಟ್ಟುಹೋಗಿದೆ. ಏನು ಹೇಳ್ಬೇಕು ಅಂತ ನಾನು ಹೇಳಿಕೊಡೋದಿಲ್ಲ. ಆದ್ರೆ ಸಾಕ್ಷಿಕಟ್ಟೆ ಹತ್ತಿ ತಡವರಿಸಿದ್ರೆ ಕೇಸು ನೀರಲ್ಲಿ ಹೋಮ."

ಅವಳು ತಲೆಯಾಡಿಸಿ ಎದ್ದಳು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅವನಿಗೆ ಡಿಕ್ಕಿಯೂ ನೆನಪಿರಲಿಲ್ಲ, ರಸ್ತೆಯೂ ನೆನಪಿರಲಿಲ್ಲ. ಕತ್ತಲೆಯೊಳಗೆ ತನ್ನ ಕೈಯನ್ನು ಯಾರೋ ಗಟ್ಟಿಯಾಗಿ ಹಿಡಿದಿದ್ದರು, ಅದೊಂದೇ ನೆನಪು. "ನೀನು ಹಿಡ್ಕೊಂಡಿದ್ದೆ ನೋಡು, ಅದಕ್ಕೇ ಉಳಿದೆ" ಅಂದ. ಅವಳು ಬಾಯಿ ತೆರೆಯುವುದರೊಳಗೆ ಮಂಚದ ಆಚೆ ನಿಂತಿದ್ದ ಅತ್ತೆ ಗಳಗಳ ಅತ್ತಳು. ಮದುವೆಯಾದಂದಿನಿಂದ ಸೊಸೆಯ ಸಾರಿಗೆ ಉಪ್ಪು ಹೆಚ್ಚು, ಮಾತಿಗೆ ಉಪ್ಪು ಕಡಿಮೆ ಎನ್ನುತ್ತಿದ್ದ ಅತ್ತೆ ಅಂದಿನಿಂದ ಕಂಡಕಂಡವರ ಮುಂದೆ "ಯಮನ ಕೈಯಿಂದ ಕಿತ್ಕೊಂಡು ಬಂದ್ಲು ನನ್ನ ಸೊಸೆ" ಎನ್ನತೊಡಗಿದಳು. ಪಂಕ್ತಿಯಲ್ಲಿ ಮೊದಲು ಅವಳಿಗೇ ಬಡಿಸುತ್ತಿದ್ದಳು. ಅವಳು ಆ ಅನ್ನವನ್ನು ಎಲೆಯ ಅಂಚಿಗೆ ಸರಿಸುತ್ತಿದ್ದಳು.

ಮಲಗುವಾಗ ಗಂಡ ಅವಳ ಅಂಗೈ ಹುಡುಕಿ ಹಿಡಿದುಕೊಳ್ಳುತ್ತಿದ್ದ. ಹಿಡಿದೊಡನೆ ನಿದ್ದೆ ಬರುತ್ತಿತ್ತು ಅವನಿಗೆ. ಅವಳಿಗೆ ಮಾತ್ರ ಹಾಸಿಗೆಯಲ್ಲಿ ತಮ್ಮಿಬ್ಬರ ಜೊತೆ ಮೂರನೆಯವನೊಬ್ಬ ಇದ್ದಾನೆ ಅನ್ನಿಸುತ್ತಿತ್ತು. ಅಲ್ಲಾಡದೆ ಮಲಗಿದರೆ ಅವನ ಉಸಿರೂ ಕೇಳಿಸುತ್ತಿತ್ತು. ಹಗಲಲ್ಲೂ ಅವನು ಬಿಡುತ್ತಿರಲಿಲ್ಲ. ತರಕಾರಿ ತಕ್ಕಡಿಯ ಹಿಂದೆ, ಬಸ್ಸಿನ ಕಂಬಿ ಹಿಡಿದವರ ನಡುವೆ ಅವನು ಕಾಣುತ್ತಿದ್ದ. ಕುಕ್ಕರಗಾಲಲ್ಲಿ ಕೂತ ಯಾವ ಗಂಡಸನ್ನು ಕಂಡರೂ ಅವನೇ. ಸ್ವಿಚ್ಚು ಆರಿಸಿದ ಮೇಲೆ ಫ್ಯಾನು ನಿಧಾನವಾಗಿ ಸುತ್ತಿ ನಿಲ್ಲುವ ಸದ್ದನ್ನು ಅವಳು ಸಹಿಸಲಾರಳು. ಬಿದ್ದ ಬೈಕಿನ ಚಕ್ರ ಹಾಗೇ ಸುತ್ತಿ ನಿಂತಿತ್ತು. ಸೆಕೆಯಾಗಲಿ ಚಳಿಯಾಗಲಿ, ಅವಳು ಫ್ಯಾನು ಆರಿಸುವುದನ್ನೇ ಬಿಟ್ಟಳು. "ನನ್ನ ಹೆಂಡ್ತಿ ಕರೆಂಟಿನವರ ಮನೆ ಮಗಳು" ಎಂದು ಗಂಡ ಚೇಷ್ಟೆ ಮಾಡುತ್ತಿದ್ದ.

ವಿಚಾರಣೆಯ ದಿನ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಬೆಂಚಿನಲ್ಲಿ ಕಾಲು ಚಾಚಿ ಕೂತಿದ್ದ. ಆಚೆ ಬದಿಯಲ್ಲಿ ವ್ಯಾನಿನ ಡ್ರೈವರ್. ಮಧ್ಯವಯಸ್ಸು, ಕಿವಿಯ ಪಕ್ಕ ನರೆ, ತಗ್ಗಿಸಿದ ತಲೆ. ಅವಳು ಅವನತ್ತ ಒಮ್ಮೆ ಮಾತ್ರ ನೋಡಿದಳು. ಅವನೇ.

ಅವಳು ಸಾಕ್ಷಿಕಟ್ಟೆ ಹತ್ತಿದಳು. ವಿಮೆಯ ಕಡೆಯ ವಕೀಲರು ಸಂಭಾವಿತರು, ಮಾತು ಬೆಣ್ಣೆ. "ಪಾಪ, ಕಷ್ಟದಲ್ಲಿದ್ದೀರಿ ತಾಯಿ. ನನ್ನದು ಚಿಕ್ಕ ಪ್ರಶ್ನೆ. ಡಿಕ್ಕಿಯಾದ ಮೇಲೆ ನೀವು ನಿಮ್ಮ ಯಜಮಾನರ ಕೈ ಹಿಡಿದೇ ಕೂತಿದ್ದಿರಿ. ಹೌದು ತಾನೆ?"

ಗಂಡ ಅವಳನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಹೆಮ್ಮೆಯಿತ್ತು.

ಹೌದು ಎಂದರೆ ನಂಬರ್ ಸುಳ್ಳಾಗುತ್ತದೆ. ಕಾಲು ಹೋದವನಿಗೆ ಕೇಸೂ ಹೋಗುತ್ತದೆ. ಅವಳು ಕಟ್ಟೆಯ ಮರವನ್ನು ಗಟ್ಟಿಯಾಗಿ ಹಿಡಿದಳು.

"ಇಲ್ಲ ಸ್ವಾಮಿ."

ವಕೀಲರು ಹುಬ್ಬೇರಿಸಿದರು. "ಇಲ್ಲ?"

"ನಾನು ಓಡಿಹೋದೆ." ದನಿ ಅವಳಿಗೇ ಅಪರಿಚಿತವಾಗಿತ್ತು. "ಪೊದೆಯಿಂದ ಎದ್ದು ನೋಡಿದೆ. ಇವರ ಕಾಲು... ಅದು ಕಾಲಿನ ಹಾಗೆ ಇರಲಿಲ್ಲ. ಇವರು ನನ್ನ ಹೆಸರು ಹಿಡಿದು ಕೂಗಿದ್ರು. ನಾನು ಓಡಿದೆ. ಜನ ಕರ್ಕೊಂಡು ಬರೋಣ ಅಂತಲ್ಲ. ಸುಮ್ನೆ ಓಡಿದೆ. ಪೆಟ್ರೋಲ್ ಬಂಕ್ ಸಿಕ್ತು, ಅಲ್ಲಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟೆ. ಸೀರೆ ಮೇಲಿನ ರಕ್ತ ನೋಡಿ ಬಂಕಿನವರೇ ಕೇಳಿ ಫೋನ್ ಮಾಡಿದ್ರು. ಆಮೇಲೆ ವಾಪಸ್ ಬಂದೆ."

ಟೈಪಿಸ್ಟನ ಬೆರಳುಗಳ ಸದ್ದು ನಿಂತು, ಮತ್ತೆ ಶುರುವಾಯಿತು.

"ಬಂದಾಗ ವ್ಯಾನು ಅಲ್ಲೇ ನಿಂತಿತ್ತು. ಲೈಟು ಉರೀತಿತ್ತು. ಇವರ ಕೈ ಹಿಡ್ಕೊಂಡು ಒಬ್ರು ನೆಲದ ಮೇಲೆ ಕೂತಿದ್ರು. ನನ್ನ ನೋಡಿದ್ರು. ಹಿಂದೆ ಬಂಕಿನವರು ಓಡಿ ಬರ್ತಿದ್ದದ್ದು ನೋಡಿದ್ರು. ಇವರ ಕೈನ ಮೆತ್ತಗೆ ಇವರ ಎದೆ ಮೇಲಿಟ್ಟು ಎದ್ದು ವ್ಯಾನು ಹತ್ತಿದ್ರು. ನಂಬರ್ ಆವಾಗ ನೋಡಿದ್ದು. ಅವರೇ ಅಲ್ಲಿ ಕೂತಿರೋದು." ಅವಳು ಬೆರಳು ತೋರಿಸಲಿಲ್ಲ, ಗಲ್ಲವನ್ನಷ್ಟೇ ಆ ಕಡೆ ತಿರುಗಿಸಿದಳು.

ಗಂಡನ ಕಡೆ ನೋಡುವ ಧೈರ್ಯ ಅವಳಿಗಾಗಲಿಲ್ಲ.

ವಿಮೆಯ ವಕೀಲರು ಬೆಣ್ಣೆ ಮಾತು ಬಿಟ್ಟು, ಇದೆಲ್ಲ ಇವತ್ತು ಕಟ್ಟಿದ ಕಥೆ ಎಂದು ದನಿಯೇರಿಸುತ್ತಿದ್ದಂತೆ ಡ್ರೈವರ್ ಎದ್ದು ನಿಂತ. ಅವನನ್ನು ಯಾರೂ ಕರೆದಿರಲಿಲ್ಲ. ಪಕ್ಕದವರು ತೋಳು ಹಿಡಿದು ಜಗ್ಗಿದರೂ ಕೂರಲಿಲ್ಲ. "ಆಯಮ್ಮ ಹೇಳಿದ್ದು ನಿಜ ಸ್ವಾಮಿ" ಅಂದ. "ನನಗೂ ಇನ್ನು ಮುಚ್ಚಿಡೋಕೆ ಆಗಲ್ಲ." ನ್ಯಾಯಾಧೀಶರು ಕನ್ನಡಕ ತೆಗೆದು ಅವನನ್ನೇ ನೋಡಿದರು. ಆಮೇಲೆ ಕಟ್ಟೆಗೆ ಕರೆದರು.

ಹೊರಗಿನ ಪಡಸಾಲೆಯಲ್ಲಿ ವಕೀಲೆ ಅವಳ ಭುಜ ತಟ್ಟಿ, "ತೀರ್ಪು ಬರೋದು ಬಾಕಿ. ಆದ್ರೆ ಕೇಸು ನಮ್ಮ ಕಡೆ ನಿಂತ ಹಾಗೇ" ಅಂದರು.

ಗಂಡ ಊರುಗೋಲು ಊರುತ್ತ ಅವಳನ್ನು ದಾಟಿ ಹೋದ. ಕಂಬದ ಬಳಿ ಒಬ್ಬನೇ ನಿಂತಿದ್ದ ಡ್ರೈವರನ ಎದುರು ನಿಂತ. ಬೈಯುತ್ತಾನೋ, ಹೊಡೆಯುತ್ತಾನೋ ಎಂದು ಜನ ಅಲ್ಲೇ ಸುಳಿದಾಡಿದರು.

"ನಾನು ಏನಾದ್ರೂ ಮಾತಾಡಿದ್ನ ಅವತ್ತು?" ಅಂತ ಕೇಳಿದ.

ಡ್ರೈವರ್ ಒರಟು ಅಂಗೈಯಿಂದ ಮುಖ ಒರೆಸಿಕೊಂಡ. "ಒಂದೇ ಮಾತು ಕೇಳ್ತಿದ್ರಿ. ಅವಳೆಲ್ಲಿ, ಅವಳೆಲ್ಲಿ ಅಂತ. ಬರ್ತಾರೆ ಅಂದೆ. ಬರ್ತಾರೆ, ಇಲ್ಲೇ ಹೋಗಿದಾರೆ, ಬರ್ತಾರೆ ಅಂತಲೇ ಇದ್ದೆ. ಆಯಮ್ಮ ಓಡಿದ್ದು ನೋಡಿದ್ದೆ ನಾನು. ಬರ್ತಾರೋ ಇಲ್ವೋ ನನಗೇನು ಗೊತ್ತು?" ಅವನು ಅವಳತ್ತ ಒಮ್ಮೆ ನೋಡಿದ. "ಬಂದ್ರು. ಆವಾಗ ನಾನು ಓಡಿದೆ."

ಗಂಡ ತಿರುಗಿ ಗೇಟಿನತ್ತ ನಡೆದ. ಅವಳು ನಾಲ್ಕು ಹೆಜ್ಜೆ ಹಿಂದೆ ಹೋದಳು.

ಬಸ್‌ಸ್ಟಾಪಿನ ಕಲ್ಲುಬೆಂಚಿನಲ್ಲಿ ಇಬ್ಬರೂ ಕೂತರು. ನಡುವೆ ಊರುಗೋಲು. ಬಿಸಿಲು ರಸ್ತೆಯ ಮೇಲೆ ಬೆಳ್ಳಗೆ ಬಿದ್ದಿತ್ತು. ಬೈಕುಗಳು ಹೋಗುತ್ತಿದ್ದವು, ಒಂದರ ಹಿಂದೆ ಒಂದು. ಹಿಂದೆ ಕೂತವರು ಮುಂದಿನವರ ಸೊಂಟ ಬಳಸಿ ಹಿಡಿದಿದ್ದರು.

"ಬಂಕು ದೂರ ಇದೆ ಅಲ್ಲಿಂದ" ಅಂದ ಅವನು, ರಸ್ತೆ ನೋಡುತ್ತಲೇ.

"ಹೂಂ."

"ಚಪ್ಪಲಿ ಹಾಕ್ಕೊಂಡಿದ್ಯ?"

"ಇಲ್ಲ. ಎಲ್ಲೋ ಬಿದ್ದುಹೋಗಿತ್ತು."

ಅವನು ಅವಳ ಪಾದಗಳತ್ತ ನೋಡಿದ. ಅಷ್ಟರಲ್ಲಿ ಅವರ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ಊರುಗೋಲು ನೋಡಿ, "ನಿಧಾನ ಹತ್ತಿ ಅಣ್ಣಾ, ಕಾಯ್ತೀನಿ" ಎಂದು ಕೂಗಿದ. ಅವಳು ಗಂಡನತ್ತ ನೋಡಿದಳು. ಅವನು ಏಳಲಿಲ್ಲ. ಅವಳೂ ಏಳಲಿಲ್ಲ. ಕಂಡಕ್ಟರ್ ಒಂದಿಷ್ಟು ಹೊತ್ತು ಇಬ್ಬರನ್ನೂ ನೋಡಿ, ಸೀಟಿ ಊದಿ ಬಾಗಿಲು ಎಳೆದುಕೊಂಡ. ಬಸ್ಸು ಎಬ್ಬಿಸಿದ ಧೂಳು ರಸ್ತೆ ದಾಟಿ ಬಂದು ಮೆಲ್ಲಗೆ ಅವರಿಬ್ಬರ ಕಾಲ ಮೇಲೆ ಕೂತಿತು.