ಹೊನ್ನಾವರದ ಬಂದರಿನಲ್ಲಿ ಆಡಿದ ಮಾತು

ಶರಾವತಿಯ ದಂಡೆಯ ಮೇಲೆ, ಗೇರುಸೊಪ್ಪೆಗೆ ಹೋಗುವ ಲಾಂಚು ನಿಲ್ಲುವ ಒಂದು ಸಣ್ಣ ಊರಿನಲ್ಲಿ ಹಳೆಯ ಉಪ್ಪಿನ ಗೋದಾಮೊಂದಿತ್ತು. ಅನಂತಮೂರ್ತಿ ಮಾಸ್ತರು ಶಾಲೆಯ ನೌಕರಿ ಮುಗಿದ ಮೇಲೆ ಅದನ್ನು ಸರ್ಕಾರದಿಂದ ಕೇಳಿ ಪಡೆದು, ಕುಡಿತ ಬಿಡಬೇಕೆಂದು ಬಂದವರನ್ನು ಅಲ್ಲಿ ಇಟ್ಟುಕೊಂಡಿದ್ದರು. ಅವರು ಅದಕ್ಕೆ ಆಶ್ರಮ ಎನ್ನುತ್ತಿದ್ದರು, ಊರವರು ಕುಡುಕರ ಮನೆ ಎನ್ನುತ್ತಿದ್ದರು. ಅದು ದಾರೂಬಂದಿಯ, ಸರ್ಕಾರ ಸಾರಾಯಿ ನಿಷೇಧಿಸಿದ್ದ ಕಾಲ. ಕುಡಿದು ಸಿಕ್ಕಿಬಿದ್ದವನು ಪೊಲೀಸರ ಕಣ್ಣಿಗೆ ಕಳ್ಳನಿಗಿಂತ ಹೆಚ್ಚಿನವನೇನಲ್ಲ. ಹೀಗಾಗಿ ಅಲ್ಲಿದ್ದವರು ಯಾರೂ ತಾವು ಎಲ್ಲಿದ್ದೇವೆಂದು ಹೊರಗೆ ಹೇಳಿಕೊಳ್ಳುತ್ತಿರಲಿಲ್ಲ.

ಕುಪ್ಪಗೌಡ ಕುಮಟೆಯ ಕಡೆಯವನು. ಬದನೆ, ಹರಿವೆ ಬೆಳೆದು ಪೇಟೆಗೆ ಹೊರುವ ಮನೆತನ. ಘಟ್ಟದ ಮೇಲೆ ದೊಡ್ಡ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ವರ್ಷಗಳವು. ಗಂಡ ಆ ಕೆಲಸಕ್ಕೆ ಹೋಗಿದ್ದಾನೆಂದು ಕುಪ್ಪನ ಹೆಂಡತಿ ಊರಿಗೆಲ್ಲ ಹೇಳಿದ್ದಳು. ಮದುವೆಯಾಗಿ ಹೋಗಿದ್ದ ಮಗಳು ಸಣ್ಣಿಗೂ ಅಷ್ಟೇ ಗೊತ್ತು. ಹಾಗೆ ಹೇಳು ಎಂದು ಕಲಿಸಿಕೊಟ್ಟವನು ಕುಪ್ಪನೇ.

ಅವನು ಆಶ್ರಮಕ್ಕೆ ಬಂದ ಮೊದಲ ವಾರ ಮೈಯೆಲ್ಲ ನಡುಗಿ, ಗೋಡೆಯಲ್ಲಿ ಹಾವು ಹರಿದಾಡುತ್ತಿದೆ ಎಂದು ಕೂಗಿದ್ದ. ಆಗ ಅವನ ಎರಡೂ ಕೈ ಹಿಡಿದು ಕೂತವನು ಅಂಬಿಗರ ತಿಮ್ಮ. ಹಾಸಿಗೆಯಲ್ಲೇ ಆದದ್ದನ್ನು ಒರೆಸಿ, ಪಂಚೆ ಬದಲಿಸಿ, ಗಂಜಿ ಕುಡಿಸಿದ. ಗುಣವಾದ ಮೇಲೆ ಇಬ್ಬರೂ ಅಕ್ಕಪಕ್ಕ ಕೂತು ತೆಂಗಿನ ನಾರು ಹೊಸೆಯುತ್ತಿದ್ದರು. ಸಂಜೆ ಎಲ್ಲರೂ ಚಾಪೆಯ ಮೇಲೆ ಕೂತಾಗ ಕುಪ್ಪ ಗುಮಟೆ ಬಾರಿಸಿ ಹಾಡುತ್ತಿದ್ದ. ಮಾತಿನಲ್ಲೂ ಅವನೇ ಮುಂದು. ತಿಮ್ಮ ಬಾಯಿ ಬಿಡುವುದೇ ಅಪರೂಪ.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಊರಿನ ಕೆಲವರು ಗೋದಾಮನ್ನು ತೆರವು ಮಾಡಿಸಬೇಕೆಂದು ಹೊನ್ನಾವರ ತಾಲೂಕಿನ ಅಧಿಕಾರಿ ಮಾಮಲೇದಾರರಿಗೆ ದೂರು ಕೊಟ್ಟರು. ಕುಡುಕರು ಬಾವಿ ಮುಟ್ಟುತ್ತಾರೆ, ಹೆಂಗಸರಿಗೆ ಓಡಾಡುವುದು ಕಷ್ಟ ಎಂಬ ತಕರಾರು.

"ನಾನೊಬ್ಬನೇ ಹೋಗಿ ಹೇಳಿದರೆ ಏನೂ ಆಗುವುದಿಲ್ಲ. ನಿಮ್ಮನ್ನು ಅವರು ಕಣ್ಣಾರೆ ಕಾಣಬೇಕು. ಕುಪ್ಪಾ, ನೀನು ಮಾತಾಡು" ಎಂದರು ಮಾಸ್ತರು.

ಕುಪ್ಪ ಒಪ್ಪಿದ. ತಿಮ್ಮನೂ ಜೊತೆಗೆ ಹೊರಟ. ಲಾಂಚಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ತಿಮ್ಮನಿಗೆ ಒಪ್ಪಿಸುತ್ತಿದ್ದ.

ಹೊನ್ನಾವರದ ಬಂದರಿನಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಎದುರಿಗೆ ಬೀಗ ಶನಿಯಾರಗೌಡ ನಿಂತಿದ್ದ. ಸಣ್ಣಿಯ ಮಾವ, ಅಘನಾಶಿನಿಯವನು. ಹೆಗಲ ಮೇಲೆ ಕಂಬಳಿ, ಮುಖ ಬಾಡಿತ್ತು.

"ಬೀಗ್ರೇ! ನೀವು ಇಲ್ಲಿ ಎಂತ?"

"ಅಣೆಕಟ್ಟಿಂದ ಬಂದೆ. ಸಾಮಾನು ತಕಂಡು ಹೋಗುದಿತ್ತು" ಎಂದ ಕುಪ್ಪ. ಮಾತು ತಾನಾಗಿ ಬಾಯಿಗೆ ಬಂದುಬಿಟ್ಟಿತ್ತು.

ಶನಿಯಾರ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಹೊಳೆ ಮೇಲೆ ಎಲ್ಲೋ ಕುಡಿಯೋರನ್ನ ಬಿಡಿಸೋ ಮನೆ ಉಂಟಂತೆ. ನಿಮಗೆ ಗೊತ್ತಾ? ಈ ಜನ ಅಲ್ಲಿಯೋರಾ?" ಎಂದು ಹಿಂದೆ ನಿಂತ ತಿಮ್ಮನ ಕಡೆ ಕಣ್ಣು ತೋರಿಸಿದ. ಮಾಸ್ತರು ಆಗಲೇ ಮುಂದೆ ಹೋಗಿದ್ದರು.

ಬೀಗ ತನ್ನ ಗುಟ್ಟು ಕೆದಕುತ್ತಿದ್ದಾನೆ ಎಂದೇ ಕುಪ್ಪನಿಗೆ ಅನ್ನಿಸಿತು.

"ನಂಗೆ ಅವರ ಗುರ್ತ ಇಲ್ಲ. ಲಾಂಚಲ್ಲಿ ಒಟ್ಟಿಗೆ ಬಂದದ್ದು ಅಷ್ಟೆ. ಆ ಮನೆಯೆಲ್ಲ ಬರೀ ಸುಳ್ಳು, ಬೀಗ್ರೇ. ಹಗಲು ಭಜನೆ ಮಾಡ್ತ್ರು, ಹಿಂದಿಂದ ಕುಡೀತ್ರು. ಅಲ್ಲಿಗೆ ಹೋಗಿ ಸುಧಾರಿಸಿದೋರು ಒಬ್ಬರೂ ಇಲ್ಲ."

ಶನಿಯಾರ ಹೆಗಲ ಕಂಬಳಿ ಸರಿಮಾಡಿಕೊಂಡ. "ಹೌದಾ. ಆತು ಹಂಗಾರೆ" ಎಂದು ಕುಮಟೆಯ ಬಸ್ಸಿನ ಕಡೆ ನಡೆದ.

ಕುಪ್ಪ ತಿರುಗಿ ನೋಡಿದ. ತಿಮ್ಮ ಎಲ್ಲವನ್ನೂ ಕೇಳಿದ್ದ. ಸಿಟ್ಟು ಮಾಡಲಿಲ್ಲ. ಗುರುತಿಲ್ಲದವನ ಹಾಗೆ ಇಷ್ಟು ದೂರ ಸರಿದು, ಹೊಳೆಯ ಕಡೆ ಮುಖ ಮಾಡಿ ನಿಂತಿದ್ದ. ಕುಪ್ಪನ ಮಾನ ಉಳಿಯಲಿ ಎಂದೇ ಹಾಗೆ ನಿಂತಿದ್ದನೆಂಬುದು ತಿಳಿದಾಗ ಕುಪ್ಪನಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

ಕಚೇರಿಯಲ್ಲಿ ಮಾಮಲೇದಾರರು "ಏನು ಹೇಳುವುದಿದೆ?" ಎಂದಾಗ ಕುಪ್ಪನಿಗೆ ನಾಲಿಗೆ ಹೊರಳಲಿಲ್ಲ. ಮಾಸ್ತರು ಅವನನ್ನೇ ನೋಡುತ್ತಿದ್ದರು. ಕೊನೆಗೆ ತಿಮ್ಮ ತೊದಲುತ್ತ ಎದ್ದು ನಿಂತ.

"ಸಾಯಬ್ರೇ, ನಮ್ಮನ್ನ ಅಲ್ಲಿಂದ ಎಬ್ಬಿಸಿರೆ ನಾವು ಹೋಗುದು ಕಳ್ಳಭಟ್ಟಿ ಕಾಸುವನ ಮನೆಗೇ. ಬೇರೆ ಯಾರೂ ನಮ್ಮನ್ನ ಒಳಗೆ ಕರಿಯುದಿಲ್ಲ."

ಬಂದು ನೋಡಿ ತೀರ್ಮಾನ ಮಾಡುತ್ತೇನೆ ಎಂದರು ಮಾಮಲೇದಾರರು.

ಮರಳಿ ಬಂದ ಮೇಲೂ ತಿಮ್ಮ ಬಂದರಿನ ಮಾತನ್ನು ಯಾರ ಹತ್ತಿರವೂ ಎತ್ತಲಿಲ್ಲ. ಎಂದಿನಂತೆ ಪಕ್ಕದಲ್ಲಿ ಕೂತು ನಾರು ಹೊಸೆದ, ಕುಪ್ಪನ ತಟ್ಟೆಗೂ ಗಂಜಿ ಬಡಿಸಿದ. ಅವನು ಬೈದಿದ್ದರೆ ಕುಪ್ಪನಿಗೆ ಗಂಜಿ ಗಂಟಲಿಳಿಯುತ್ತಿತ್ತೇನೋ. ಸಂಜೆ ಹಾಡು ಎಂದರೆ ಕುಪ್ಪ ತಲೆನೋವು ಎಂದು ಹೊರಗೆ ಹೋಗಿ ಕೂರುತ್ತಿದ್ದ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಲಾಂಚಿನಿಂದ ಸಣ್ಣಿ ಇಳಿದಳು. ಸೊಂಟದಲ್ಲಿ ಕೂಸು. ಅಂಗಳದಲ್ಲಿ ನಾರಿನ ರಾಶಿಯ ನಡುವೆ ಕೂತಿದ್ದ ಅಪ್ಪನನ್ನು ನೋಡಿ ಅವಳಿಗೆ ಆಶ್ಚರ್ಯವಾಗಲಿಲ್ಲ.

"ಅವ್ವೆ ಎಲ್ಲ ಹೇಳ್ತು" ಎಂದಳು. "ಅವತ್ತು ಮಾವ ಹೊನ್ನಾವರಕ್ಕೆ ಬಂದದ್ದು ಎಂತಕ್ಕೆ ಗೊತ್ತಿತ್ತಾ ನಿಂಗೆ?"

ಕುಪ್ಪ ನಾರು ಹೊಸೆಯುತ್ತಲೇ ಇದ್ದ.

"ನಮ್ಮನೆಯೋರು ಒಂದು ವರ್ಷದಿಂದ ಕುಡೀತಾ ಇದ್ರು. ನಾ ತವರಿಗೆ ಹೇಳಿರಲಿಲ್ಲ. ಅವ್ವೆಗೆ ನಿನ್ನ ಕುಡಿತವೇ ಸಾಕಾಗಿತ್ತು. ಅವರನ್ನ ಇಲ್ಲಿ ಬಿಡುವ ಅಂತ ಮಾವ ಈ ಮನೆ ಹುಡುಕ್ತಾ ಬಂದದ್ದು. ನೀನೇ ಹೇಳಿದ್ಯಂತೆ, ಇಲ್ಲಿ ಯಾರೂ ಸುಧಾರಿಸುದಿಲ್ಲ ಅಂತ." ಅವಳ ದನಿ ಏರಲಿಲ್ಲ. "ಹದಿನೈದು ದಿನದ ಹಿಂದೆ ಸಾರಾಯಿ ಸಿಕ್ಕದೆ ಮರಕ್ಕೆ ಬಳಿಯೋ ಪಾಲಿಶು ಕುಡಿದ್ರು. ಜೀವ ಉಳೀತು. ಕಣ್ಣು ಹೋತು. ಒಂದರಲ್ಲಿ ಎಂತದೂ ಕಾಣುದಿಲ್ಲ, ಇನ್ನೊಂದರಲ್ಲಿ ಬರೀ ಮಬ್ಬು. ಆದ್ರೂ ಕುಡಿತ ಬಿಟ್ಟಿಲ್ಲ."

ಕುಪ್ಪನ ಕೈಯಲ್ಲಿದ್ದ ಹಗ್ಗದ ಹುರಿ ಬಿಚ್ಚಿಕೊಂಡಿತು. ಅಳಿಯ ಶುಕ್ರನ ಮುಖ ಕಣ್ಣ ಮುಂದೆ ಬಂತು. ಗಟ್ಟಿ ಆಳು, ಹೊಳೆಯಲ್ಲಿ ಮುಳುಗಿ ಬಳಚೆಂಬ ಚಿಪ್ಪುಮೀನು ತೆಗೆಯುವುದರಲ್ಲಿ ಗಟ್ಟಿಗ. ಕುಪ್ಪ ಏಳಲು ಹೋದ. ತಿಮ್ಮ ರಟ್ಟೆ ಹಿಡಿದು ಎಬ್ಬಿಸಿದ.

"ಹೋಗುವ ಗೌಡ್ರೇ. ನಾನೂ ಬತ್ತೆ" ಎಂದ.

ಅಂದೇ ಮೂವರೂ ಹೊರಟರು. ಅಘನಾಶಿನಿಯ ಆ ಮನೆಯ ಜಗಲಿಯಲ್ಲಿ ಶುಕ್ರ ಗೋಡೆಗೆ ಒರಗಿ ಕೂತಿದ್ದ, ದನಿ ಬಂದ ಕಡೆ ಮುಖ ತಿರುಗಿಸಿದ. ಶನಿಯಾರ ಹೊರಗೆ ಬಂದವನು ಕೂರಿ ಎನ್ನಲಿಲ್ಲ.

"ಬೀಗ್ರೇ, ಅವತ್ತು ನಾ ಹೇಳಿದ್ದು ಸುಳ್ಳು" ಎಂದ ಕುಪ್ಪ. "ನಾ ಇರುದೇ ಆ ಮನೆಲಿ. ನನ್ನ ಕುಡಿತ ಬಿಟ್ಟದ್ದೂ ಅಲ್ಲೇ. ನನ್ನ ಹೇಲುಚ್ಚೆ ಬಳಿದವ ಇಂವ, ತಿಮ್ಮ. ಇವನ ಗುರ್ತ ಇಲ್ಲ ಅಂದೆ."

"ಎಂತಕ್ಕೆ ಹಂಗೆ ಹೇಳಿದ್ರಿ?"

"ನಾಚಿಕೆ ಆತು."

ಶನಿಯಾರ ಅಂಗಳಕ್ಕೆ ಇಳಿದ. "ಬಂದರಲ್ಲಿ ನಿಂತು ಆ ಮನೆ ಎಲ್ಲಿ ಅಂತ ಕೇಳುವಾಗ ನಂಗೆ ನಾಚಿಕೆ ಆಗಿರಲಿಲ್ಲ ಅಂದ್ಕಂಡ್ರಾ, ಬೀಗ್ರೇ?"

ಕುಪ್ಪ ತಲೆ ತಗ್ಗಿಸಿ ಅಂಗಳದಲ್ಲೇ ನಿಂತ. ಶುಕ್ರ ಎದ್ದು ಗೋಡೆ ತಡವಿಕೊಂಡು ಒಳಗೆ ಹೋದ. ತಿಮ್ಮನೇ ಅವನ ಹಿಂದೆ ಹೋಗಿ, ಪಕ್ಕದಲ್ಲಿ ಕೂತು ಏನೇನೋ ಹೇಳಿದ. ಕತ್ತಲಾಗುವ ಮೊದಲು ಶುಕ್ರ ಅವನ ಭುಜ ಹಿಡಿದು ಹೊರಗೆ ಬಂದ.

ಆಶ್ರಮದಲ್ಲಿ ಶುಕ್ರನ ಚಾಪೆಯ ಪಕ್ಕದಲ್ಲಿ ಕುಪ್ಪನೇ ಮಲಗಿದ. ಬಾವಿಗೆ ಕೈ ಹಿಡಿದು ಕರೆದೊಯ್ಯುತ್ತಿದ್ದ. ತನ್ನಂತೆಯೇ ಅವನಿಗೂ ಹಾವು ಕಂಡಂತಾಗುವ ಹೊತ್ತಿನಲ್ಲಿ ಶುಕ್ರ ಬೈದು ಹೊಡೆದ ಏಟುಗಳನ್ನೂ ತಿಂದ. "ನೀವು ನನ್ನ ಮುಟ್ಟಬೇಡಿ ಮಾವ" ಎಂದರೆ ತಿಮ್ಮನನ್ನು ಕರೆಯುತ್ತಿದ್ದ.

ಮಾಮಲೇದಾರರು ಕಡೆಗೂ ಬಂದರು. ದೂರು ಕೊಟ್ಟವರೂ ಅಂಗಳದಲ್ಲಿ ಸೇರಿದ್ದರು. ಹಗ್ಗ ಹಿಡಿದು ತಡವರಿಸುತ್ತಿದ್ದ ಶುಕ್ರನನ್ನು ತೋರಿಸಿ, "ಇವನು ಯಾರು?" ಎಂದು ಕೇಳಿದರು.

"ನನ್ನ ಅಳಿಯ" ಎಂದ ಕುಪ್ಪ. "ಇಂವ ಎರಡು ತಿಂಗಳ ಮುಂಚೆ ಬರಬೇಕಾದವ. ನಾನೂ ಕುಡುಕ ಅಂತ ಗೊತ್ತಾಗುತ್ತು ಹೇಳಿ ಇವನ ಅಪ್ಪಂಗೆ ಈ ಮನೆ ದಾರಿ ತಪ್ಪಿಸಿದೆ. ಬಂದಿದ್ರೆ ಇವನ ಕಣ್ಣು ಉಳೀತಿತ್ತು." ಊರವರ ಕಡೆ ತಿರುಗಿದ. "ಇದನ್ನ ಮುಚ್ಚಿದ್ರೆ ನಾ ಮಾಡಿದ್ದನ್ನೇ ನೀವೂ ಮಾಡಿದಂಗೆ."

ಯಾರೂ ಅವನ ಮುಖ ನೋಡಲಿಲ್ಲ. ಮಾಮಲೇದಾರರು ಗೋದಾಮನ್ನು ಮಾಸ್ತರ ಕೈಯಲ್ಲೇ ಉಳಿಸಿದರು. ದೂರು ಕೊಟ್ಟವರಲ್ಲಿ ಒಬ್ಬ ಮರುದಿನ ತಮ್ಮನನ್ನು ಕರೆತಂದು ಗೇಟಿನ ಹತ್ತಿರ ಬಿಟ್ಟು ಹೋದ.

ಸಣ್ಣಿ ಆಗಾಗ ಗಂಡನನ್ನು ನೋಡಲು ಬರುತ್ತಿದ್ದಳು. ಅಪ್ಪನ ಹತ್ತಿರ ಮಾತಾಡುತ್ತಿರಲಿಲ್ಲ. ಒಮ್ಮೆ ಬಂದವಳು, ಕುಪ್ಪ ಎದುರಿಗೇ ನಿಂತಿದ್ದರೂ, ತಿಮ್ಮನಿಗೆ ಹೇಳಿದಳು: "ಅವ್ವೆಗೆ ಸೊಂಟನೋವಂತೆ. ಅಪ್ಪಂಗೆ ಹೇಳು, ಒಂದ್ಸಲ ಹೋಗಿ ಬರಲಿ."

ತಿಮ್ಮ ಕುಪ್ಪನ ಕಡೆ ನೋಡಿದ.

"ಹೋಗ್ತೆ ಅಂತ ಹೇಳು" ಎಂದ ಕುಪ್ಪ, ತಿಮ್ಮನಿಗೇ.