ಅಕ್ಕಿ ಹೆಚ್ಚಾದ ದಿನದ ಹಾಡು

೧. ಎಲ್ಲಿಂದ ಶುರು ಮಾಡೋಣ ಹೇಳಿ? ಜನ ಹುಚ್ಚೆದ್ದು ಕೂಗುವ ಸ್ಟೇಜಿನಿಂದಲೇ? ಬೇಡಪ್ಪ, ಪಾಪ್ ತಾರೆಯರ ಸಿನಿಮಾಗಳೆಲ್ಲ ಅಲ್ಲೇ ಶುರುವಾಗುತ್ತವೆ. (ಆ ಡ್ರಾಫ್ಟ್ ಬುಟ್ಟಿಗೆ ಹೋಯಿತು.) ಅಕ್ಕಿಯಿಂದ ಶುರು ಮಾಡೋಣ.

೨. ಶಿಕಾರಿಪುರದ ಗೋದಾಮೊಂದರಲ್ಲಿ ಅಕ್ಕಿಯ ರಾಶಿ, ಸುತ್ತ ಡ್ಯಾನ್ಸರ್‌ಗಳು. ಸೊರಬದ ಹತ್ತಿರದ ಜಡೆ ಊರಿನ ಹುಡುಗಿ ನಾಗವೇಣಿ ಪಾಪ್ ಸ್ಟಾರ್ ಆದ ಕಥೆ ಮ್ಯೂಸಿಕಲ್ ಸಿನಿಮಾ ಆಗುತ್ತಿದೆ, ನಾಯಕಿಯೂ ಅವಳೇ. ಇವತ್ತು ಬಾಲ್ಯದ ಹಾಡು. ನೋಡಲು ಅವಳ ಅವ್ವ ಗುಡ್ಡಮ್ಮ ಬಂದು ಕೂತಿದ್ದಾಳೆ.

"ಇಷ್ಟೊಂದು ಅಕ್ಕಿ ಯಾರ ಮನೇದೇ ವೇಣಿ?"

"ನಮ್ಮನೇದಂತೆ ಕಣವ್ವಾ."

ನಾಗವೇಣಿಗೆ ಮೈಯೆಲ್ಲ ಉರಿಯಿತು.

೩. ಆಗಿದ್ದಿಷ್ಟು. ಮಗಳು ಮೊದಲು ಹಾಡಿದ್ದು ಯಾವಾಗ ಎಂದು ನಿರ್ದೇಶಕ ಮಹಾಂತೇಶ ಕೇಳಿದ್ದ. "ಅವತ್ತು ಅಕ್ಕಿ ಹೆಚ್ಚಾಗಿತ್ತು ನೋಡ್ರಿ, ಕೂಸು ಹಾಡ್ತಾ ಹಾಡ್ತಾ ಮಲಗ್ತು" ಎಂದಿದ್ದಳು ಗುಡ್ಡಮ್ಮ. ಮನೆಯಲ್ಲಿ ಅಕ್ಕಿ ಮುಗಿದರೆ 'ಇಲ್ಲ' ಅನ್ನಬಾರದು, 'ಹೆಚ್ಚಾಗಿದೆ' ಅನ್ನಬೇಕು. ಬೆಂಗಳೂರಲ್ಲೇ ಬೆಳೆದ ಮಹಾಂತೇಶನಿಗೇನು ಗೊತ್ತು? ಆ ಮಾತನ್ನೇ ಹಾಡು ಮಾಡಿಸಿ, ಲಾರಿಗಟ್ಟಲೆ ಅಕ್ಕಿ ತರಿಸಿಬಿಟ್ಟ! ಉಪವಾಸ ಮಲಗಿದ ಮನೆ ಸಾಹುಕಾರರ ಮನೆಯಾಯಿತು.

೪. "ಈ ರಾಶಿ ತೆಗೆಸ್ರಿ. ಅಲ್ಲೀವರೆಗೂ ನಾನು ಹಾಡಲ್ಲ" ಎಂದಳು ನಾಗವೇಣಿ.

"ಅಯ್ಯೋ ಮೇಡಂ, ಹಾಗಾದ್ರೆ ಅಮ್ಮ ಕ್ಯಾಮೆರಾ ಮುಂದೆ ಒಂದ್ಸಲ 'ಅಕ್ಕಿ ಇರಲಿಲ್ಲ' ಅಂದ್ಬಿಡ್ಲಿ. ಆಡಿಯೆನ್ಸ್‌ಗೆ ಅರ್ಥ ಆಗ್ಬೇಕಲ್ಲ?" ಎಂದ ಮಹಾಂತೇಶ.

"ಬಿಡ್ತು ಅನ್ರಿ!" ಎಂದಳು ಗುಡ್ಡಮ್ಮ. "ಹಸಿದಾಗ್ಲೇ ಆ ಮಾತು ಆಡ್ಲಿಲ್ಲ. ಈಗ ಆಡ್ತೀನಾ?"

೫. (ಇಲ್ಲಿ ಗುಡ್ಡಮ್ಮ ಅತ್ತರೆ ಕಥೆಗೆ ತೂಕ ಬರುತ್ತದೆ ಎಂದು ಕಥೆಗಾರನಿಗೆ ಆಸೆಯಾಯಿತು. "ನಮ್ಮವ್ವನ್ನ ಅಳಿಸಿದ್ರೆ ನಿಮ್ಮ ಕಥೆಯಿಂದಾನೂ ಎದ್ದು ಹೋಗ್ತೀನಿ ನೋಡ್ರಿ" ಎಂದಳು ನಾಗವೇಣಿ. ಹಟಮಾರಿ! ಕಥೆಗಾರ ಆ ಸಾಲು ಕೈಬಿಟ್ಟ.)

೬. ಮುಕ್ತಾಯ ಒಂದು: ಮಹಾಂತೇಶ ಸಾರಿ ಕೇಳಿದ. (ನಿರ್ದೇಶಕರು ಸಾರಿ ಕೇಳುವುದುಂಟೇ? ಹೊಡೆದು ಹಾಕಿ.)

ಮುಕ್ತಾಯ ಎರಡು: ಸಿನಿಮಾನೇ ನಿಂತುಹೋಯಿತು. ಇದಕ್ಕೂ ನಾಗವೇಣಿ ಒಪ್ಪಲಿಲ್ಲ. "ನಿಲ್ಲಿಸೋಕಲ್ಲ ರೀ, ಹಾಡೋಕೆ ಬಂದಿರೋದು."

೭. ಅವಳೇ ಮೊರ ತಗೊಂಡು ಅಕ್ಕಿಯನ್ನು ಚೀಲಕ್ಕೆ ಸುರಿಯತೊಡಗಿದಳು. ಡ್ಯಾನ್ಸರ್‌ಗಳೂ ಕೈಹಾಕಿದರು. ನೆಲ ಕಂಡಿತು. ಬರಿ ಮೊರ ಹಿಡಿದು ನಡುವೆ ನಿಂತು, "ಅಕ್ಕಿ ಹೆಚ್ಚಾಗೈತವ್ವಾ" ಎಂದು ಹಾಡಿದಳು. ಗುಡ್ಡಮ್ಮ ಕೂತಲ್ಲಿಂದಲೇ ದನಿಗೂಡಿಸಿದಳು. ಈಗ ಯಾರಿಗೂ ಅರ್ಥ ಹೇಳಬೇಕಾಗಿರಲಿಲ್ಲ.

೮. ಕ್ಯಾಮೆರಾ ಆನ್ ಆಗಿತ್ತೇ? ಹಾಡು ಸಿನಿಮಾದಲ್ಲಿ ಉಳಿಯಿತೇ? ಕೇಳಬೇಡಿ. 'ಕಥೆ ಮುಗಿಯಿತು' ಎಂದು ಬರೆಯಲು ಹೊರಟ ಕಥೆಗಾರನ ಕೈ ಹಿಡಿದು ಗುಡ್ಡಮ್ಮ, "ಬಿಡ್ತು ಅನ್ನಪ್ಪಾ" ಎಂದಳು.

ಸರಿ ತಾಯಿ. ಕಥೆ ಹೆಚ್ಚಾಗಿದೆ.