ಹಿಂದಿನ ಸಾಲಿನಲ್ಲಿ ಕೂತ ಹೆಡ್ ಮಾಸ್ತರರು

ಉಪ್ಪಿನಬೆಟಗೇರಿ ದಾಟಿ ಸ್ವಲ್ಪ ದೂರ ಹೋದರೆ ಒಂದು ಸಣ್ಣ ಹಳ್ಳಿ. ಹೆಸರು ಹೇಳುವುದಿಲ್ಲ, ನಿಮ್ಮ ಊರೂ ಹೀಗೆಯೇ ಇರಬಹುದು. ಅಲ್ಲಿಯ ಕನ್ನಡ ಶಾಲೆಗೆ ಮಡಿವಾಳಪ್ಪನವರು ಹೆಡ್ ಮಾಸ್ತರರು. ದಿನಾ ಸಂಜೆ ಶಾಲೆಯಿಂದ ಬಂದವರೇ ಜಗಲಿಯ ಕಂಬಕ್ಕೆ ಒರಗಿ ಕೂತುಬಿಡುವರು. ತಲೆಯ ರುಮಾಲು ಬಿಚ್ಚಲೂ ತ್ರಾಣವಿರುತ್ತಿರಲಿಲ್ಲ. ನೀರು ಬೇಕೆಂದರೆ ಕೈಸನ್ನೆ ಮಾಡುವರು, ಧ್ವನಿ ಮಧ್ಯಾಹ್ನಕ್ಕೇ ಕೈಕೊಟ್ಟಿರುತ್ತಿತ್ತು.

ನಮ್ಮ ಕಡೆ ಹೆಡ್ ಮಾಸ್ತರರಾಗುವ ಬಗೆ ನಿಮಗೆ ಗೊತ್ತೇ ಇದೆ. ಇದ್ದವರು ಪೆನ್ಶನ್ ಪಡೆದು ಊರಿಗೆ ಹೋಗುತ್ತಾರೆ. ಉಳಿದವರಲ್ಲಿ ಹಿರಿಯರು ಯಾರೋ ಅವರು ಕುರ್ಚಿಯಲ್ಲಿ ಕೂಡುತ್ತಾರೆ. ಊರವರು ಒಂದು ಹಾರ ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ಆ ಕುರ್ಚಿಯ ಕೆಲಸವೇನು ಎಂದು ಹಾರ ಹಾಕಿದವರೂ ಹೇಳುವುದಿಲ್ಲ, ಹಾಕಿಸಿಕೊಂಡವರೂ ಕೇಳುವುದಿಲ್ಲ.

ಪಾಠ ಹೇಳುವುದರಲ್ಲಿ ಮಡಿವಾಳಪ್ಪನವರು ಗಟ್ಟಿಗರು. ಅವರ ಕೈಯಲ್ಲಿ ಕಲಿತವರು ಏಳನೆಯ ವರ್ಗದ ಮುಲ್ಕಿ ಪರೀಕ್ಷೆ ದಾಟಿ ಧಾರವಾಡ ಸೇರಿದ್ದರು. ಕೆಳಗಿನ ವರ್ಗ ಮಾತ್ರ ಫಕ್ರುಸಾಬ ಮಾಸ್ತರನದು. ಅವನು ಹುಬ್ಬಳ್ಳಿಯ ತರುಣ, ಕೆಲಸಕ್ಕೆ ಹೊಸಬ. ಅವನ ವರ್ಗದ ಮಕ್ಕಳು ಪಾಠವನ್ನು ಬಾಯಿಪಾಠ ಒಪ್ಪಿಸುತ್ತಿದ್ದರು, ಪುಸ್ತಕದ ಮೇಲೆ ಬೆರಳಿಟ್ಟು ಓದಿರೆಂದರೆ ಬೆಬ್ಬೆಬ್ಬೆ ಎನ್ನುತ್ತಿದ್ದರು.

ಒಳಗೆ ಹೋಗಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಲ್ಲೇ ಇರುವುದು ತೊಡಕು. ಒಬ್ಬ ಮಾಸ್ತರನ ವರ್ಗದಲ್ಲಿ ಇನ್ನೊಬ್ಬ ಹೋಗಿ ಕೂತರೆ ಆ ಶಾಲೆಯಲ್ಲಿ ಅದು ಅವಮಾನ. ಹೊಸ್ತಿಲಾಚೆ ನಿಂತು ಕೆಮ್ಮಬೇಕು, ಅಲ್ಲಿಂದಲೇ ಮಾತಾಡಿ ಹೋಗಬೇಕು. ಮಡಿವಾಳಪ್ಪನವರು ಮರ್ಯಾದಸ್ಥರು, ಒಂದು ದಿನವೂ ಹೊಸ್ತಿಲು ತುಳಿಯಲಿಲ್ಲ. ಬದಲಿಗೆ ಓದಲು ಬಾರದ ಮಕ್ಕಳನ್ನು ಒಬ್ಬೊಬ್ಬರಾಗಿ ತಮ್ಮ ಕೋಣೆಗೆ ಕರೆದುಕೊಂಡರು. ಇದನ್ನು ನೋಡಿದ ಊರವರು ಸುಮ್ಮನಿರುತ್ತಾರೆಯೇ?

“ನಮ್ಮ ಹುಡುಗನ್ನೂ ನಿಮ್ಮ ಕಡೇನ ಕುಂದರಿಸಿಕೊಳ್ರಿ ಮಾಸ್ತರ,” ಎಂದು ಒಕ್ಕಲಿಗ ಸಿದ್ದಪ್ಪ ಬಂದ. ಅವನ ಹಿಂದೆ ಇನ್ನೊಬ್ಬರು. ಇಲ್ಲವೆನ್ನಲು ಮಡಿವಾಳಪ್ಪನವರಿಗೆ ಬಾಯಿ ಬರಲಿಲ್ಲ. ಅವರ ಕೋಣೆ ತುಂಬಿ ಮಕ್ಕಳು ಪಡಸಾಲೆಗೆ ಹರಿದು ಬಂದರು. ಫಕ್ರುಸಾಬನ ಮುಂದೆ ಬೆರಳೆಣಿಕೆಯ ಮಕ್ಕಳು ಉಳಿದರು.

ಬೇಸಿಗೆಯ ರಜೆ ಹತ್ತಿರ ಬಂದಾಗ ಒಂದು ಸಂಜೆ ಫಕ್ರುಸಾಬ ತನ್ನ ಅಕ್ಕನೊಡನೆ ಮಡಿವಾಳಪ್ಪನವರ ಮನೆಗೆ ಬಂದ. ಅಕ್ಕ ಗುಲ್ಜಾರಬಿ ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಶಾಲೆಯ ಮುಖ್ಯ ಬಾಯಿ, ಅಂದರೆ ಮುಖ್ಯೋಪಾಧ್ಯಾಯಿನಿ. ಮೋಟಾರಿನ ಧೂಳು ಇನ್ನೂ ಅವರ ಸೆರಗಿನ ಮೇಲಿತ್ತು. ಮಡಿವಾಳಪ್ಪನವರ ಹೆಂಡತಿ ರತ್ನವ್ವ ಚಾಪೆ ಹಾಸಿ ಚಹಾ ಕೊಟ್ಟಳು.

ಫಕ್ರುಸಾಬ ತಲೆ ತಗ್ಗಿಸಿಯೇ ಹೇಳಿದ. “ನಾ ಸಾಲಿ ಬಿಡತೇನ್ರಿ. ಹುಬ್ಬಳ್ಳಿ ದುರ್ಗದಬೈಲದಾಗ ನಮ್ಮ ಮಾಮಾನ ಭಾಂಡೆ-ಪಾತ್ರಿ ಅಂಗಡಿ ಐತಿ, ಅಲ್ಲೇ ಕುಂದರತೇನಿ.”

ಮಡಿವಾಳಪ್ಪನವರು ಕಂಬ ಬಿಟ್ಟು ನೆಟ್ಟಗಾದರು. ಅವನು ಹೋದರೆ ಈ ಮೂಲೆಯ ಹಳ್ಳಿಗೆ ಬೇರೆ ಮಾಸ್ತರ ಬರುವುದು ಯಾವ ಕಾಲಕ್ಕೋ. ಕೆಳಗಿನ ವರ್ಗಕ್ಕೆ ಬೀಗ ಬಿದ್ದಂತೆಯೇ. ಇಲ್ಲದಿದ್ದರೆ ಆ ಭಾರವೂ ತಮ್ಮ ತಲೆಗೇ.

“ತಮ್ಮಾ, ನಾ ನಿನ್ನ ಮರ್ಯಾದಿ ಕಾಯ್ದೇನೋ! ಒಂದ ದಿನಾರ ನಿನ್ನ ವರ್ಗದಾಗ ಕಾಲಿಟ್ಟೇನೇನು?” ಎಂದರು ಗೊಗ್ಗರು ಧ್ವನಿಯಲ್ಲಿ.

“ಅದನ್ನ ಹೇಳಾಕತ್ತೇನ್ರಿ. ನೀವು ಒಳಗ ಬಂದಿದ್ರ ನಂದೇನ ತಪ್ಪತೈತಿ ಅಂತ ತಿಳೀತಿತ್ತು. ನೀವು ಬರಲಿಲ್ಲ, ನನ್ನ ಹುಡುಗರನ್ನಷ್ಟ ಒಯ್ದ್ರಿ. ಊರಾಗ ಈಗ ನನಗ ಯಾರೂ ಮಾಸ್ತರ ಅನ್ನಂಗಿಲ್ಲ.”

ಮಡಿವಾಳಪ್ಪನವರು ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡರು. ಇಷ್ಟು ದಣಿದದ್ದು ಇದಕ್ಕೇ ಏನು?

ಗುಲ್ಜಾರಬಿ ಚಹಾದ ಬಟ್ಟಲು ಕೆಳಗಿಟ್ಟರು. “ಅಣ್ಣಾರ, ಧಾರವಾಡದಾಗ ಬ್ಯಾಸಗಿ ಸೂಟಿಯೊಳಗ ಹೆಡ್ ಮಾಸ್ತರರ ವರ್ಗ ನಡೀತೈತಲ್ರಿ, ನೀವು ಹೋಗಿಲ್ಲೇನು?”

“ನಾ ಟ್ರೇನಿಂಗ್ ಆದಾಂವ ಅದೀನ್ರಿ ಬಾಯಾರ. ತಲಿ ಹಣ್ಣಾದ ಮ್ಯಾಲೆ ಮತ್ತ ಏನ ಕಲೀಲಿ?”

“ಆ ಟ್ರೇನಿಂಗ್ ಹುಡುಗರಿಗೆ ಕಲಸೂದಕ್ಕರಿ. ಇದು ಮಾಸ್ತರರನ್ನ ಕೂಡಿಸಿಕೊಂಡು ಸಾಲಿ ನಡಸೂದಕ್ಕ. ಎರಡೂ ಬ್ಯಾರೆ ಕೆಲಸ. ನಾ ಹೆಣ್ಣುಮಕ್ಕಳ ಕಡೆ ಆದ ವರ್ಗಕ್ಕ ಹೋಗಿದ್ದೆ. ಇನ್ನೊಬ್ಬರ ವರ್ಗದಾಗ ಹೆಂಗ ಕುಂದರಬೇಕು, ಕಂಡದ್ದನ್ನ ಯಾವಾಗ ಹೇಳಬೇಕು, ಕೆಲಸಾ ಹೆಂಗ ಹಂಚಬೇಕು, ತಾಯಿತಂದಿಗೆ ‘ಆಗಂಗಿಲ್ಲ’ ಅಂತ ಹೆಂಗ ಹೇಳಬೇಕು, ಎಲ್ಲಾ ಮಾಡಿಸಿ ಕಲಸತಾರ.”

ರತ್ನವ್ವನಿಗೆ ಸಿಟ್ಟು ಬಂತು. “ವರ್ಸಾನಗಟ್ಟಲೆ ದುಡದ ಜೀವಕ್ಕ ಬ್ಯಾಸಗಿ ಒಂದ ಸಿಗತೈತ್ರಿ. ಅದನ್ನೂ ಕಸಗೋತೀರೇನು? ಅವರ ಮಾರಿ ನೋಡ್ರಿ ಹೆಂಗಾಗೈತಿ!”

“ನೋಡೇ ಹೇಳಾಕತ್ತೇನಿ ವೈನಿ. ಈಗ ಮಲಗಿ ಎದ್ರ ಜೂನಿನಾಗ ಮತ್ತ ಇದ ಗಾಣ. ಫಕ್ರು ಬಿಟ್ಟುಹೋದ್ರ ಎರಡ ಗಾಣ.”

ರತ್ನವ್ವ ಖಾಲಿ ಬಟ್ಟಲುಗಳನ್ನು ಎತ್ತಿಕೊಂಡಳು. ಒಕ್ಕಲುತನದ ಮನೆಯ ಮಗಳು ಅವಳು. ಗಂಡನ ಕಡೆ ತಿರುಗಿ ಎಂದಳು. “ನಮ್ಮಪ್ಪ ಹೊಸಾ ಎತ್ತು ಜಗ್ಗಲಿಲ್ಲಂದ್ರ ಅದನ್ನ ಬಿಚ್ಚಿ ಮನಿಗೆ ಕಳಸತಿದ್ದಿಲ್ಲ. ಹಳೇದರ ಜೋಡಿ ನೊಗಕ್ಕ ಕಟ್ಟಿ ಮೆಲ್ಲಕ ನಡಸತಿದ್ದ. ನೀವು ಈ ಹುಡುಗನ್ನ ಬಿಚ್ಚೇಬಿಟ್ರೆಲ್ರೀ. ಹೋಗಿಬರ್ರಿ. ರೊಟ್ಟಿ ಚಟ್ನಿಪುಡಿ ನಾ ಕಟ್ಟತೇನಿ.”

“ಜೂನ್ ತನಕಾ ನೋಡತೇನ್ರಿ,” ಎಂದ ಫಕ್ರುಸಾಬ. ಅದಕ್ಕಿಂತ ಹೆಚ್ಚು ಮಾತು ಕೊಡಲಿಲ್ಲ.

ಮಡಿವಾಳಪ್ಪನವರು ಹೋದರು. ಉತ್ಸಾಹದಿಂದ ಹೋದರೆಂದು ಬರೆದರೆ ಸುಳ್ಳಾಗುತ್ತದೆ. ಮೊದಲ ದಿನ ಬೆಂಚಿನ ಮೇಲೆ ಕೂತಲ್ಲೇ ತೂಕಡಿಸಿದರು. ಆಮೇಲೆ ಬೇರೊಬ್ಬರ ಪಾಠಕ್ಕೆ ಹಿಂದೆ ಕೂತು ಬಾಯಿ ಮುಚ್ಚಿಕೊಂಡು ನೋಡಿರೆಂದಾಗ ಅವರಿಗೆ ಆಗಲೇ ಇಲ್ಲ. ಪಾಠಕ್ಕೆಂದು ಕರೆತಂದ ಹುಡುಗನೊಬ್ಬ ತಪ್ಪಿದೊಡನೆ ಎದ್ದು ನಿಂತು ತಾವೇ ಉತ್ತರ ಹೇಳಿಬಿಟ್ಟರು. “ಮಾಸ್ತರ, ಇಲ್ಲಿ ನಿಮ್ಮ ಕೆಲಸ ನೋಡೂದಷ್ಟ,” ಎಂದು ವರ್ಗ ನಡೆಸುವವರು ಮತ್ತೆ ಕೂರಿಸಿದರು. ಎಲ್ಲರೂ ನಕ್ಕರು, ಇವರು ಬೆವತರು.

ಜೂನಿನಲ್ಲಿ ಶಾಲೆ ತೆರೆಯಿತು. ಮಡಿವಾಳಪ್ಪನವರು ಮೊದಲು ಫಕ್ರುಸಾಬನನ್ನು ತಮ್ಮ ಕೋಣೆಗೆ ಕರೆದರು.

“ಬಾ ತಮ್ಮಾ, ಹಿಂದ ಕುಂದರು. ನಾ ಪಾಠಾ ಮಾಡತೇನಿ, ನೀ ತಪ್ಪು ಹಿಡಿ.”

“ಎಲ್ಲಿಯಾರ ಉಂಟೇನ್ರಿ!” ಎಂದು ಅವನು ಹಿಂಜರಿದ. ಆದರೂ ಕೂತ. ಪಾಠ ಮುಗಿದ ಮೇಲೆ ಹೇಳಿದ. “ನೀವು ಬೋರ್ಡಿಗೆ ಮಾರಿ ಮಾಡಿ ಮಾತಾಡತೀರ್ರಿ. ಹಿಂದಿನವರಿಗೆ ಕೇಳಸಂಗಿಲ್ಲ. ಅದಕ್ಕ ನೀವು ಒದರಬೇಕಾಗತೈತಿ.”

ಇಷ್ಟು ವರ್ಷ ಗಂಟಲು ಹರಿದುಕೊಂಡದ್ದಕ್ಕೆ ಕಾರಣ ಇಷ್ಟೇ ಇತ್ತು. ಯಾರೂ ಹೇಳಿರಲಿಲ್ಲ, ಏಕೆಂದರೆ ಯಾರೂ ಒಳಗೆ ಬಂದಿರಲಿಲ್ಲ.

ಮರುದಿನ ಅವರು ಫಕ್ರುಸಾಬನ ಹೊಸ್ತಿಲು ದಾಟಿ ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ಕೂತರು. ಓದಲು ನಿಂತ ಹುಡುಗ ಒಂದು ಪದಕ್ಕೆ ತಡವರಿಸಿದ. ತಕ್ಷಣ ಫಕ್ರುಸಾಬ ಮರುಕದಿಂದ ಆ ಪದ ತಾನೇ ಹೇಳಿದ. ಹುಡುಗ ಕೇಳಿದ್ದನ್ನು ಒಪ್ಪಿಸಿ ಕೂತ. ಮುಂದಿನವನೂ ಹಾಗೆಯೇ. ಮಡಿವಾಳಪ್ಪನವರು ಹಲ್ಲು ಕಚ್ಚಿ ಸುಮ್ಮನಿದ್ದರು.

ಶಾಲೆ ಬಿಟ್ಟ ಮೇಲೆ, ಯಾರೂ ಇಲ್ಲದಾಗ, ಬೇವಿನ ಕಟ್ಟೆಯ ಮೇಲೆ ಕೂತು ಹೇಳಿದರು. “ಹುಡುಗ ತಡವರಿಸಿದ್ರ ಸ್ವಲ್ಪ ತಡಿಯೋ. ನಿನಗ ಮನಸ್ಸು ತಡಿಯಂಗಿಲ್ಲ, ನೀನ ಓದಿಬಿಡತಿ. ಅಂವಾ ಕಲಿಯೂದು ಹೆಂಗ?”

ಫಕ್ರುಸಾಬ ಮೆಲ್ಲಗೆ ನಕ್ಕ. “ನೀವೂ ನನಗ ಹಂಗ ಮಾಡಿದ್ರೆಲ್ರೀ ಮಾಸ್ತರ.”

ಮಡಿವಾಳಪ್ಪನವರು ಅವನ ಬೆನ್ನ ಮೇಲೆ ಕೈಯಿಟ್ಟರು. ದುರ್ಗದಬೈಲಿನ ಅಂಗಡಿಯ ಮಾತು ಮತ್ತೆ ಬರಲಿಲ್ಲ.

ಮಕ್ಕಳು ತಮ್ಮ ತಮ್ಮ ವರ್ಗಕ್ಕೆ ಮರಳಿದರು. ಸಿದ್ದಪ್ಪ ಮತ್ತೆ ಬಂದ. “ನಮ್ಮವ ನಿಮ್ಮ ಕಡೇನ ಇರಲ್ರಿ.”

“ಆಗಂಗಿಲ್ಲ ಸಿದ್ದಪ್ಪ. ಅವನ ಮಾಸ್ತರ ಫಕ್ರುಸಾಬ. ದೀಪಾವಳಿ ತನಕಾ ತಡಿ, ಆಮ್ಯಾಲೆ ಹುಡುಗನ ಕೈಯಾಗ ಪುಸ್ತಕಾ ಕೊಟ್ಟು ನೀನ ಓದಿಸಿ ಕೇಳು.”

ದೀಪಾವಳಿಗೆ ಸಿದ್ದಪ್ಪನ ಮಗ ಬೆರಳಿಟ್ಟು ಓದಿದ, ನಿಧಾನವಾಗಿ, ತಾನೇ. ಆ ಸಂಜೆ ಮಡಿವಾಳಪ್ಪನವರು ಎಂದಿನಂತೆ ಕಂಬಕ್ಕೆ ಒರಗಿದರು. ದಣಿವು ಪೂರ್ತಿ ಹೋಗಿರಲಿಲ್ಲ, ಮಾಸ್ತರಿಕೆಯಲ್ಲಿ ಅದು ಹೋಗುವುದೂ ಇಲ್ಲ. ಆದರೆ ರುಮಾಲು ತಾವೇ ಬಿಚ್ಚಿದರು. “ರತ್ನಾ, ನೀರು ಕೊಡು,” ಎಂದು ಬಾಯಿಬಿಟ್ಟು ಕೇಳಿದರು. ರತ್ನವ್ವ ಒಳಗಿನಿಂದಲೇ ಓಗೊಟ್ಟಳು.

ಓದುತ್ತಿರುವ ಮಾಸ್ತರರೇ, ಬಾಯಿಯವರೇ, ನಾಳೆ ಆ ಕುರ್ಚಿ ನಿಮಗೂ ಬರುತ್ತದೆ. ಹಾರ ಬೀಳುವ ಮೊದಲೇ ಹೆಡ್ ಮಾಸ್ತರರ ವರ್ಗಕ್ಕೆ ಹೆಸರು ಕೊಡಿರಿ. ನೀವು ದಣಿದಿದ್ದೀರಿ, ಬಲ್ಲೆವು. ದಣಿದಿದ್ದೀರೆಂದೇ ಹೋಗಿರಿ ಎನ್ನುತ್ತೇವೆ. ಮನೆಯವರೇ, ಒಂದು ಬೇಸಿಗೆ ಅವರನ್ನು ಬಿಟ್ಟುಕೊಡಿರಿ, ಬುತ್ತಿ ಕಟ್ಟಿ ಕಳಿಸಿರಿ. ಊರ ಹಿರಿಯರೇ, ಹಾರ ಹಿಡಿದು ಬರುವಾಗ ಒಂದು ಮಾತು ಕೇಳಿರಿ: “ಮಾಸ್ತರ, ವರ್ಗಕ್ಕ ಯಾವಾಗ ಹೊಂಟೀರಿ?”